ನೇಸರನ ಹಾಡಿಗೆ ನೂರು ಕೊರಳು

ಬಿಸಿಲ ಸೀಮೆಯವರು ಸೂರ್ಯನನ್ನು ಹಾಡಿ ಹೊಗಳುವುದು ಕಡಿಮೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಹಣೆಗೆ ಕೈ ಅಡ್ಡ ಹಿಡಿದು ಮುಗಿಲು ನೋಡುವವರೆಲ್ಲ ಹುಡುಕುವುದು ಮೋಡವನ್ನು. ಕಡಲೆಕಾಯಿ ಗಿಡ ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ ಇಡೀ ವರ್ಷದ ಲೆಕ್ಕ ತಲೆಕೆಳಗಾಗುತ್ತದೆ. ಕೆರೆಯಂಗಳ ಬಿರುಕು ಬಿಡುತ್ತದೆ, ಗಂಡಸರು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಇಂಥ ನೆಲದಲ್ಲಿ ಹುಟ್ಟಿದ ಕವಿಯೊಬ್ಬರು ಸೂರ್ಯ ರಥವೇರಿ ಬಂದು ನಗುವುದನ್ನು ಕಂಡು ಒಂದು ಹಾಡು ಬರೆದರು. ಕನ್ನಡಿಗರು ಆ ಹಾಡನ್ನು ನಾಲ್ಕು ದಶಕ ದಾಟಿದರೂ ಬಿಟ್ಟಿಲ್ಲ. ‘ತೇರಾ ಏರಿ ಅಂಬರದಾಗೆ’ ಎಂದರೆ ಸಾಕು, ಪಕ್ಕದಲ್ಲಿ ಕೂತವರು ಮುಂದಿನದನ್ನು ತಾವೇ ಎತ್ತಿಕೊಳ್ಳುತ್ತಾರೆ.

ಹಾಡು ಬರೆದವರು ದೊಡ್ಡರಂಗೇಗೌಡರು. ಮಧುಗಿರಿ ತಾಲ್ಲೂಕಿನ ಕುರುಬರಹಳ್ಳಿಯವರು, 1946ರಲ್ಲಿ ಹುಟ್ಟಿದವರು. ಬೆಂಗಳೂರಿನಲ್ಲಿ ಕನ್ನಡ ಮೇಷ್ಟ್ರಾಗಿ ಪಾಠ ಹೇಳುತ್ತ, ನೂರಾರು ಚಿತ್ರಗೀತೆಗಳನ್ನು ಬರೆದವರು. ಶ್ರೀಕೃಷ್ಣ ಆಲನಹಳ್ಳಿಯವರ ‘ಪರಸಂಗದ ಗೆಂಡೆತಿಮ್ಮ’ ಕಾದಂಬರಿಯನ್ನು ಮಾರುತಿ ಶಿವರಾಂ 1978ರಲ್ಲಿ ಸಿನಿಮಾ ಮಾಡಿದಾಗ ಅದಕ್ಕೆ ಈ ಹಾಡು ಬಂತು. ಪೇಟೆಯ ಸಾಮಾನುಗಳನ್ನು ಹೊತ್ತು ಹಳ್ಳಿ ಹಳ್ಳಿ ತಿರುಗುವ ಗೆಂಡೆತಿಮ್ಮನಾಗಿ ಲೋಕೇಶ್ ನಟಿಸಿದರು. ರಾಜನ್–ನಾಗೇಂದ್ರ ಸಂಗೀತ ಕೊಟ್ಟರು, ಎಸ್. ಜಾನಕಿ ಹಾಡಿದರು. ಕಥೆ ಮುಂದೆ ನೋವಿನ ದಾರಿ ಹಿಡಿಯುತ್ತದೆ. ಹಾಡು ಮಾತ್ರ ಆ ನೋವಿನಿಂದ ಬಿಡಿಸಿಕೊಂಡು, ಸಿನಿಮಾ ನೋಡದವರ ಬಾಯಿಗೂ ಬಂದು ತನ್ನ ಪಾಡಿಗೆ ತಾನು ಬದುಕಿತು. ಬೆಳಗು, ತೂಗುವ ಗಿಡಮರ, ಹಕ್ಕಿಯ ದನಿ, ಇದನ್ನೆಲ್ಲ ನೋಡು ಬಾ ಎಂದು ಕಿರಿಯನನ್ನು ಕರೆಯುವ ಅಕ್ಕರೆ, ಅದರಲ್ಲಿ ಇರುವುದು ಇಷ್ಟೇ. ಇಷ್ಟೇ ಇರುವುದರಿಂದಲೇ ಯಾರು ಬೇಕಾದರೂ ಅದರೊಳಗೆ ಹೋಗಿ ನಿಲ್ಲಬಹುದು.

ಈ ಹಾಡನ್ನು ಕೇಳುವಾಗೆಲ್ಲ ಅದರಲ್ಲಿ ಬೆರೆತ ಊರುಗಳನ್ನು ನೆನೆಯುತ್ತೇನೆ. ಕಾದಂಬರಿ ಹೆಗ್ಗಡದೇವನಕೋಟೆ ಕಡೆಯ ನೆಲದಿಂದ ಎದ್ದದ್ದು. ಸಂಗೀತ ಕೊಟ್ಟ ಅಣ್ಣತಮ್ಮಂದಿರು ಮೈಸೂರಿನವರು, 1950ರ ದಶಕದ ಆರಂಭದಿಂದಲೇ ಜೊತೆಯಾಗಿ ಕೆಲಸ ಮಾಡಿದವರು. ರಾಜನ್ ಪಿಟೀಲು ಕಲಿತವರು, ನಾಗೇಂದ್ರ ಜಲತರಂಗ. ಆ ಕಾಲದ ನಮ್ಮ ಸಿನಿಮಾ ಹಾಡುಗಳು ಹೆಚ್ಚಾಗಿ ಮದರಾಸಿನ ಸ್ಟುಡಿಯೋಗಳಲ್ಲೇ ಧ್ವನಿಮುದ್ರಣವಾಗುತ್ತಿದ್ದವು. ಹಾಡಿದ ಜಾನಕಿಯವರು ಆಗಿನ ಗುಂಟೂರು ಜಿಲ್ಲೆಯ ರೇಪಲ್ಲೆ ಕಡೆಯ ತೆಲುಗು ಮನೆತನದವರು. ಮಧುಗಿರಿಯ ಹಳ್ಳಿಮಾತನ್ನು ಆ ತೆಲುಗು ಕೊರಳು ಎಷ್ಟು ಸಲೀಸಾಗಿ ಆಡಿತೆಂದರೆ, ಹೊಲದ ಬದುವಿನ ಮೇಲೆ ನಿಂತ ಹುಡುಗಿಯೇ ಹಾಡುತ್ತಿದ್ದಾಳೆ ಎಂದು ನಾವೆಲ್ಲ ನಂಬಿದೆವು.

ಪಾವಗಡದವರಿಗೆ ಈ ಸಂಗತಿ ಇನ್ನೂ ಹತ್ತಿರದ್ದು. ಮೂರು ಕಡೆ ಆಂಧ್ರದ ಗಡಿ, ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ರೇಡಿಯೋ ಮುಳ್ಳು ಒಂದಿಷ್ಟು ಸರಿಸಿದರೆ ಬೆಂಗಳೂರು, ಇನ್ನೊಂದಿಷ್ಟು ಸರಿಸಿದರೆ ಕಡಪ. ಎರಡೂ ಕಡೆ ಜಾನಕಿಯವರೇ ಸಿಗುತ್ತಿದ್ದರು. ಮನೆಯಲ್ಲಿ ತೆಲುಗು ಆಡುವ ಮಗು ಶಾಲೆಯ ವೇದಿಕೆ ಹತ್ತಿ ಈ ಹಾಡನ್ನು ಹಾಡುವಾಗ ಜಾನಕಿಯವರು ಮೈಕಿನ ಮುಂದೆ ಮಾಡಿದ್ದನ್ನೇ ಮಾಡುತ್ತದೆ. ಮತ್ತೊಂದು ಮಾತಿನ ಮನೆಯಿಂದ ಬಂದು ಕನ್ನಡದ ಬೆಳಗನ್ನು ಬಾಯಿ ತುಂಬ ತೆಗೆದುಕೊಳ್ಳುತ್ತದೆ. ಆ ಮಗುವಿನದು ನಕಲು ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಮೊದಲು ಹಾಡಿದವರೂ ಕಲಿತೇ ಹಾಡಿದವರು.

ಹಾಡು ಎಷ್ಟು ಕೊರಳುಗಳನ್ನು ದಾಟಿ ಬಂದಿದೆ! ಮೊದಲಿಗೆ ಆರ್ಕೆಸ್ಟ್ರಾದವರು. ಗಣೇಶನ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ, ಜಾತ್ರೆಯ ಮರುದಿನಕ್ಕೆ ಬರುತ್ತಿದ್ದ ವಾದ್ಯಗೋಷ್ಠಿಗಳು. ಕೀಬೋರ್ಡು, ರಿದಂ ಪ್ಯಾಡು, ಸೀಟಿ ಹಾಕುವ ಧ್ವನಿವರ್ಧಕ. ಹೆಣ್ಣುದನಿಗಾಗಿ ತುಮಕೂರಿನಿಂದಲೋ ಬೆಂಗಳೂರಿನಿಂದಲೋ ಬಂದ ಗಾಯಕಿ ಒಬ್ಬಳೇ ರಾತ್ರಿಯಿಡೀ ಜಾನಕಿ, ಸುಶೀಲ, ವಾಣಿ ಜಯರಾಂ ಮೂವರೂ ಆಗಬೇಕು. ಮದರಾಸಿನ ಸ್ಟುಡಿಯೋದಲ್ಲಿ ವಾದ್ಯಗಾರರ ದೊಡ್ಡ ಮೇಳ ನುಡಿಸಿದ್ದನ್ನು ಇಲ್ಲಿ ಬೆರಳೆಣಿಕೆಯ ಜನ ತುಂಬಿಕೊಡುತ್ತಿದ್ದರು. ಕೊಳಲಿನ ಭಾಗವನ್ನು ಕೀಬೋರ್ಡು ನುಡಿಸುತ್ತಿತ್ತು, ಕೆಲವು ಸಲ ಒಬ್ಬ ಹುಡುಗ ಬಾಯಲ್ಲೇ ಶಿಳ್ಳೆ ಹಾಕುತ್ತಿದ್ದ. ತಾಳ ಮಾತ್ರ ಒಂದಿಷ್ಟು ಬಿರುಸಾಗುತ್ತಿತ್ತು. ಎದುರಿಗೆ ಕೂತ ಜನ ಕುಣಿಯಬೇಕಲ್ಲ! ಬೆಳಗಿನ ಹಾಡನ್ನು ನಡುರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಹಾಡಿದರೂ ಚಾಪೆಯ ಮೇಲೆ ತೂಕಡಿಸುತ್ತಿದ್ದ ಮಕ್ಕಳು ಎದ್ದು ಕೂರುತ್ತಿದ್ದರು. ಆ ಗಾಯಕಿಯರ ಹೆಸರು ಯಾವ ತಟ್ಟೆಯ ಮೇಲೂ ಅಚ್ಚಾಗಲಿಲ್ಲ. ಆದರೆ ಸಿನಿಮಾ ಟೆಂಟು ದೂರವಿದ್ದ ಊರುಗಳಿಗೆ ಈ ಹಾಡನ್ನು ನಡೆಸಿಕೊಂಡು ಬಂದವರು ಅವರೇ. ಅವರನ್ನು ಗೌರವದಿಂದ ನೆನೆಯದೆ ಈ ಹಾಡಿನ ಚರಿತ್ರೆ ಹೇಳಲಾಗದು.

ಆಮೇಲೆ ಕ್ಯಾಸೆಟ್ಟು ಬಂತು. ಕನ್ನಡದ ಮಟ್ಟಿಗೆ ಅದೂ 1978ರದೇ ಕಥೆ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಆ ವರ್ಷವೇ ಧ್ವನಿಸುರುಳಿಯಾಯಿತು. ದೊಡ್ಡರಂಗೇಗೌಡರ ಗೀತೆಗಳೂ ಮುಂದೆ ‘ಮಾವು ಬೇವು’ ಎಂಬ ಧ್ವನಿಸುರುಳಿಯಾಗಿ ಬಂದವು. ಸಿ. ಅಶ್ವತ್ಥ್ ಅವರ ಸಂಗೀತ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಕಂಠ. ಅದೇ ಕಾಲಕ್ಕೆ ಹಳೆಯ ಸಿನಿಮಾ ಹಾಡುಗಳನ್ನು ಹೊಸ ಗಾಯಕರಿಂದ ಹಾಡಿಸಿ ಅಗ್ಗದ ದರಕ್ಕೆ ಮಾರುವ ವ್ಯಾಪಾರವೂ ದೇಶದ ತುಂಬ ಬೆಳೆಯಿತು. ಹಿಂದಿಯಲ್ಲಿ ಗುಲ್ಶನ್ ಕುಮಾರರ ಟಿ–ಸೀರೀಸ್ ಹೀಗೆ ಹಾಡಿಸಿದ ಕ್ಯಾಸೆಟ್ಟುಗಳಿಂದಲೇ ದೊಡ್ಡದಾಯಿತು. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಇದಕ್ಕೊಂದು ದಾರಿ ಇತ್ತು. ಮೊದಲ ಧ್ವನಿಮುದ್ರಣವಾಗಿ ಎರಡು ವರ್ಷ ಕಳೆದಮೇಲೆ, ಗೌರವಧನ ಕಟ್ಟಿ, ತಿಳುವಳಿಕೆ ಕೊಟ್ಟು, ಅದೇ ಹಾಡನ್ನು ಬೇರೆಯವರು ಮತ್ತೆ ಹಾಡಿಸಬಹುದಿತ್ತು.

2012ರ ತಿದ್ದುಪಡಿ ಆ ದಾರಿಯನ್ನು ಬಿಗಿ ಮಾಡಿತು. ಈಗ 31ಸಿ ಕಲಮಿನ ಪ್ರಕಾರ ಮೊದಲ ಧ್ವನಿಮುದ್ರಣವಾದ ವರ್ಷ ಮುಗಿದು ಐದು ವರ್ಷ ಕಾಯಬೇಕು. ಕನಿಷ್ಠ 50,000 ಪ್ರತಿಗಳ ಲೆಕ್ಕಕ್ಕೆ ಗೌರವಧನವನ್ನು ಮುಂಗಡವಾಗಿ ಕೊಡಬೇಕು. ಹೊದಿಕೆಯ ಮೇಲೆ ಇದು ಮರುಹಾಡಿಕೆ ಎಂದು ಸ್ಪಷ್ಟವಾಗಿ ಬರೆಯಬೇಕು. ಮೊದಲು ಹಾಡಿದವರ ಹೆಸರನ್ನೋ ಚಿತ್ರವನ್ನೋ ಹಾಕಿ ಕೊಳ್ಳುವವರನ್ನು ದಾರಿ ತಪ್ಪಿಸುವಂತಿಲ್ಲ. ಸಾಹಿತ್ಯವನ್ನೂ ರಾಗವನ್ನೂ ಮನಬಂದಂತೆ ತಿದ್ದುವಂತಿಲ್ಲ. ಅದೇ ತಿದ್ದುಪಡಿ ಗೀತೆ ಬರೆದವರಿಗೂ ರಾಗ ಹಾಕಿದವರಿಗೂ ಗೌರವಧನದಲ್ಲಿ ಸಮಪಾಲನ್ನು, ಅವರು ಬರೆದುಕೊಟ್ಟರೂ ಕೈಬಿಟ್ಟುಹೋಗದ ಹಾಗೆ, ಉಳಿಸಿತು. ಕಾನೂನಿನ ಒಣ ಮಾತುಗಳು ಇವು. ಆದರೂ ಇವುಗಳ ಒಳಗೆ ನ್ಯಾಯದ ತಿರುಳಿದೆ. ಹಾಡಿರಿ, ಹಾಡುವುದಕ್ಕೆ ಯಾರ ಅಡ್ಡಿಯೂ ಬೇಡ. ಆದರೆ ಇದು ಯಾರದು ಎಂಬುದನ್ನು ಮುಚ್ಚಬೇಡಿ, ಬರೆದವನ ಪಾಲನ್ನು ತಿನ್ನಬೇಡಿ.

ಕ್ಯಾಸೆಟ್ಟು ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಮೊಬೈಲು ಬಂತು. ಟಿ.ವಿ.ಯ ಹಾಡಿನ ಸ್ಪರ್ಧೆಗಳು ಹಳೆಯ ಹಾಡುಗಳಿಗೆ ಹೊಸ ಬಟ್ಟೆ ತೊಡಿಸಿದವು. ಅಲ್ಲಿ ಈ ಹಾಡನ್ನು ಎತ್ತಿಕೊಂಡ ಮಗುವಿಗೆ ದೊಡ್ಡ ವಾದ್ಯಮೇಳ, ಬಣ್ಣದ ಬೆಳಕು, ನಡುವೆ ಒಂದು ಹೊಸ ಆಲಾಪ. ತೀರ್ಪುಗಾರರ ಮುಖ ಅರಳುತ್ತದೆ, ಅಮ್ಮ ಅಳುತ್ತಾಳೆ. ಪಿಟೀಲು, ಕೊಳಲು, ಸ್ಯಾಕ್ಸೋಫೋನಿನವರು ಮಾತಿಲ್ಲದೆ ರಾಗವನ್ನಷ್ಟೇ ನುಡಿಸುತ್ತಾರೆ. ಮಾತು ತೆಗೆದರೂ ಇದು ಬೆಳಗಿನ ಹಾಡೆಂದು ಗೊತ್ತಾಗುತ್ತದೆ. ರಾಜನ್–ನಾಗೇಂದ್ರರ ಹೆಚ್ಚುಗಾರಿಕೆ ಎಷ್ಟಿತ್ತೆಂದು ಅಲ್ಲಿ ತಿಳಿಯುತ್ತದೆ. ಇನ್ನು ಕರೋಕೆ. ಬಿಡುವಿನ ಹೊತ್ತಿನಲ್ಲಿ ಮೊಬೈಲಿನ ಎದುರು ಕೂತು ಹಾಡುವ ಗೃಹಿಣಿಯರು, ನಿವೃತ್ತ ಮೇಷ್ಟ್ರುಗಳು, ಬಸ್ ಕಂಡಕ್ಟರುಗಳು. ಎಷ್ಟೋ ಜನರಿಗೆ ಶ್ರುತಿ ಅತ್ತಿತ್ತ ಸರಿಯುತ್ತದೆ, ಉಸಿರು ಸಾಲುವುದಿಲ್ಲ. ಆದರೂ ನಾನು ಕೊನೆಯವರೆಗೂ ಕೇಳುತ್ತೇನೆ. ಬಾಲ್ಯದಲ್ಲಿ ಹಾಡಲು ಅವಕಾಶ ಸಿಗದವರಿಗೆ ಅಲ್ಲಿ ಒಂದು ಮೈಕು ಸಿಕ್ಕಿದೆ. ಆ ಮೈಕಿನಲ್ಲಿ ಅವರು ಆರಿಸಿಕೊಂಡದ್ದು ಮಧುಗಿರಿಯ ಕವಿಯ ಬೆಳಗನ್ನು.

ನನ್ನನ್ನು ನೋಯಿಸುವುದು ಶ್ರುತಿ ತಪ್ಪಿದ ಹಾಡಿಕೆಯಲ್ಲ. ‘ಶುದ್ಧ’ ಮಾಡಿದ ಹಾಡಿಕೆ. ಈ ಹಾಡಿನ ಜೀವ ಅದರ ಹಳ್ಳಿಮಾತಿನಲ್ಲಿದೆ. ಕ್ರಿಯಾಪದಗಳ ತುದಿ, ವಿಭಕ್ತಿಗಳ ಎಳೆತ, ಎಲ್ಲವೂ ಹೊಲ ಗದ್ದೆಯಲ್ಲಿ ಆಡುವ ಹಾಗೆಯೇ ಇವೆ. ಕೆಲವರು ಅವನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಿರುಗಿಸಿ, ಅಕ್ಷರ ಅಕ್ಷರವನ್ನೂ ಬಿಡಿಸಿ, ಭಾಷಣದ ಉಚ್ಚಾರಣೆಯಲ್ಲಿ ಹಾಡುತ್ತಾರೆ. ಇನ್ನು ಕೆಲವರು ಹಳ್ಳಿಮಾತೆಂದರೆ ನಗಿಸುವ ಮಾತೆಂದು ತಿಳಿದು ಬೇಕೆಂದೇ ಒರಟು ಮಾಡುತ್ತಾರೆ. ಎರಡರಲ್ಲೂ ಆ ಊರಿನವರ ಮೇಲೆ ಪ್ರೀತಿ ಇಲ್ಲ. ಜಾನಕಿಯವರ ಧ್ವನಿಮುದ್ರಿಕೆಯನ್ನು ಮತ್ತೊಮ್ಮೆ ಕೇಳಿ ನೋಡಿ. ಅವರು ಆ ಮಾತುಗಳನ್ನು ತಿದ್ದಲೂ ಇಲ್ಲ, ಅಣಕಿಸಲೂ ಇಲ್ಲ. ಬರೆದವರು ಕೊಟ್ಟದ್ದನ್ನು ಹಾಗೆಯೇ ಮುಡಿದುಕೊಂಡರು. ಮತ್ತೆ ಹಾಡುವವರು ಜಾನಕಿಯವರಿಂದ ಕಲಿಯಬೇಕಾದ್ದು ಅವರ ಗಮಕಕ್ಕಿಂತ ಮೊದಲು ಈ ಮರ್ಯಾದೆಯನ್ನು. ಅವರ ದನಿಯನ್ನು ಅನುಕರಿಸುವುದು ಬೇಕಿಲ್ಲ. ಗಂಡಸು ತಗ್ಗಿನ ಶ್ರುತಿಯಲ್ಲಿ ಹಾಡಲಿ, ಅಜ್ಜಿ ನಡುಗುವ ದನಿಯಲ್ಲಿ ಹಾಡಲಿ, ಗಿಟಾರು ಹಿಡಿದ ಹುಡುಗ ಅರ್ಧ ವೇಗದಲ್ಲಿ ಹಾಡಲಿ. ಕುರುಬರಹಳ್ಳಿಯ ಮಾತು ಕೆಡದಿದ್ದರೆ ಹಾಡು ಕೆಡುವುದಿಲ್ಲ.

ನಮ್ಮ ಸೀಮೆಗೆ ಮರುಹಾಡಿಕೆ ಹೊಸದೇನಲ್ಲ. ಸಿರಾ ತಾಲ್ಲೂಕಿನ ಕಳುವರಹಳ್ಳಿಯ ಬಳಿ ಜುಂಜಪ್ಪನ ಗುಡ್ಡೆ ಇದೆ. ಕಾಡುಗೊಲ್ಲರ ಆ ವೀರನ ಕಥೆಯನ್ನು ಉದ್ದನೆಯ ಗಣೆ ಊದುತ್ತ ತಲೆಮಾರುಗಳಿಂದ ಹಾಡಿಕೊಂಡು ಬಂದಿದ್ದಾರೆ. ಒಬ್ಬರು ಹಾಡಿದಂತೆ ಇನ್ನೊಬ್ಬರು ಹಾಡುವುದಿಲ್ಲ. ಒಂದು ಹಟ್ಟಿಯಲ್ಲಿ ಉದ್ದವಾದ ಭಾಗ ಇನ್ನೊಂದು ಹಟ್ಟಿಯಲ್ಲಿ ಮೊಟಕಾಗಿರುತ್ತದೆ. ಮೊದಲು ಹಾಡಿದವರು ಯಾರು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಈ ರಾತ್ರಿ ಹಾಡುವವರು ನೇಮದಿಂದ ಹಾಡುತ್ತಾರೆಯೇ ಎಂದಷ್ಟೇ ನೋಡುತ್ತಾರೆ. ಇಂಥ ಪದಗಳ ನೆಲದಲ್ಲಿ ಬೆಳೆದ ಕವಿ ಬರೆದ ಸಿನಿಮಾ ಹಾಡು ಮತ್ತೆ ಜನರ ಬಾಯಿಗೆ ಬಿದ್ದು ಪದದ ಹಾಗೇ ತಿರುಗಾಡುತ್ತಿರುವುದು ನನಗೆ ತವರಿಗೆ ಬಂದಂತೆ ಕಾಣುತ್ತದೆ. ಬಿತ್ತನೆಗೆಂದು ಎತ್ತಿಟ್ಟ ಕಡಲೆಬೀಜ ಎಷ್ಟೇ ಗಟ್ಟಿಯಾಗಿರಲಿ, ಕೆಲವು ಮಳೆಗಾಲ ಬುಟ್ಟಿಯಲ್ಲೇ ಉಳಿದರೆ ಮೊಳೆಯುವ ಕಸುವು ಕಳೆದುಕೊಳ್ಳುತ್ತದೆ. ಮೂಲ ಧ್ವನಿಮುದ್ರಿಕೆಯನ್ನು ಜೋಪಾನವಾಗಿ ಇಡಬೇಕು, ಆದರೆ ಹಾಡನ್ನು ಪ್ರತಿ ವರ್ಷ ಹೊಸ ಬಾಯಿಗೆ ಬಿತ್ತಬೇಕು.

ಈ ಮಾತು ನನಗೆ ಬಲವಾಗಿ ಅನ್ನಿಸಿದ ಊರು ವಳ್ಳೂರು. ಪಾವಗಡ ತಾಲ್ಲೂಕಿನ ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಜೊತೆಗೆ ವಳ್ಳೂರು, ಈ ಐದು ಊರುಗಳ ಸುಮಾರು 13,000 ಎಕರೆ ಹೊಲದ ಮೇಲೆ ಈಗ ಸೌರಫಲಕಗಳು ಹರಡಿವೆ. 2018ರ ಮಾರ್ಚ್ 1ರಂದು ‘ಶಕ್ತಿಸ್ಥಳ’ ಎಂಬ ಹೆಸರಿನಲ್ಲಿ ಉದ್ಘಾಟನೆಯಾದ ಸೌರ ಉದ್ಯಾನ, ಪೂರ್ತಿ ಸಾಮರ್ಥ್ಯ 2,050 ಮೆಗಾವಾಟ್. ರೈತರು ನೆಲ ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5ರಷ್ಟು ಏರಿಕೆ. ಮಳೆ ನಂಬಿ ಕೆಟ್ಟಿದ್ದ ಎಷ್ಟೋ ಮನೆಗಳಿಗೆ ಆ ಹಣ ಉಸಿರಾಯಿತು. ಸ್ವಂತ ನೆಲವಿಲ್ಲದ ಕೂಲಿಯವರಿಗೆ ಬಾಡಿಗೆಯೂ ಬರಲಿಲ್ಲ, ಕಳೆ ಕೀಳುವ ಕೆಲಸವೂ ಉಳಿಯಲಿಲ್ಲ. ಕುರಿ ಕಾಯುವವರು ಬೇಲಿ ಸುತ್ತಿ ದೂರದ ಬಯಲಿಗೆ ಹೋಗಬೇಕಾಯಿತು. ಎರಡೂ ನಿಜ, ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ತರವಲ್ಲ.

ಅಂಥ ಊರಿನಲ್ಲಿ ಮಕ್ಕಳು ಸೂರ್ಯನ ಹಾಡು ಹಾಡಿದರೆ ಅದು 1978ರ ಹಾಡೇ ಆಗಿ ಉಳಿಯುವುದಿಲ್ಲ. ಅಲ್ಲಿ ಬೆಳಗಾದರೆ ಬೆಳಕು ಮೊದಲು ಬೀಳುವುದು ನೀಲಿಗಪ್ಪು ಫಲಕಗಳ ಮೇಲೆ. ಹಾಡಿನಲ್ಲಿ ತೂಗುವ ಮರಗಿಡ ಬೇಲಿಯ ಆಚೆಗೆ ಸರಿದಿದೆ. ಅವರ ಅಜ್ಜಂದಿರು ಶಪಿಸುತ್ತಿದ್ದ ಬಿಸಿಲು ಈಗ ಅವರ ಫೀಜು ಕಟ್ಟುತ್ತದೆ. ನಕ್ಕ ಸೂರ್ಯ ಅವರಿಗೆ ಕವಿಯ ಕಲ್ಪನೆ ಮಾತ್ರ ಆಗಿರಲಾರ. ಸಾಲುಗಳು ಅವೇ, ರಾಗ ಅದೇ, ಆದರೆ ಹಾಡುವವರ ಕಾಲ ಕೆಳಗಿನ ನೆಲ ಬದಲಾದರೆ ಹಾಡೂ ಹೊಸ ಅರ್ಥ ಹೊತ್ತುಕೊಳ್ಳುತ್ತದೆ. ಮೊದಲ ಧ್ವನಿಮುದ್ರಿಕೆ, ಎಷ್ಟು ಸುಂದರವಾಗಿದ್ದರೂ, ಇದನ್ನು ಮಾಡಲಾರದು. ಅದು ತನ್ನ ಕಾಲದ ಬೆಳಗನ್ನು ಹೇಳಿ ಮುಗಿಸಿದೆ. ವಳ್ಳೂರಿನ ಬೆಳಗನ್ನು ವಳ್ಳೂರಿನ ಮಗುವೇ ಹಾಡಬೇಕು. ಮರವಿದ್ದ ಜಾಗದಲ್ಲಿ ನಿಂತು ಮರದ ಸಾಲನ್ನು ಹಾಡುವಾಗ ಆ ಮಗುವಿಗೆ ಒಂದು ಪ್ರಶ್ನೆ ಹುಟ್ಟಿದರೆ ಅದು ಹಾಡಿನ ಇನ್ನೊಂದು ಗೆಲುವು.

2018 ನಮ್ಮ ನಾಲ್ಕು ತಾಲ್ಲೂಕುಗಳಿಗೆ ಮತ್ತೂ ಒಂದು ಕಾರಣಕ್ಕೆ ನೆನಪಿನ ವರ್ಷ. ಆ ವರ್ಷದ ಪದ್ಮಶ್ರೀ ಪಟ್ಟಿಯಲ್ಲಿ ಮಧುಗಿರಿಯ ದೊಡ್ಡರಂಗೇಗೌಡರ ಹೆಸರೂ ಪಾವಗಡದ ಸೂಲಗಿತ್ತಿ ನರಸಮ್ಮನವರ ಹೆಸರೂ ಒಟ್ಟಿಗೆ ಇದ್ದವು. ಸಾವಿರಾರು ಹೆರಿಗೆ ಮಾಡಿಸಿದ ಕೈ ಒಂದು, ನೂರಾರು ಹಾಡು ಬರೆದ ಕೈ ಒಂದು. 2023ರ ಜನವರಿಯಲ್ಲಿ ಹಾವೇರಿಯಲ್ಲಿ ನಡೆದ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ದೊಡ್ಡರಂಗೇಗೌಡರು ಅಧ್ಯಕ್ಷರಾದರು. ಇಷ್ಟು ವರ್ಷಗಳಲ್ಲಿ ಹಾಡಿನ ಬಳಗ ಒಬ್ಬೊಬ್ಬರಾಗಿ ಚದುರಿತು. ಗೆಂಡೆತಿಮ್ಮನಾಗಿದ್ದ ಲೋಕೇಶ್ ಇಲ್ಲ, ಕಾದಂಬರಿಕಾರ ಆಲನಹಳ್ಳಿ 1989ರಲ್ಲೇ ಹೋದರು. ನಾಗೇಂದ್ರ 2000ದಲ್ಲಿ, ರಾಜನ್ 2020ರ ಅಕ್ಟೋಬರಿನಲ್ಲಿ ಹೋದರು. ಜಾನಕಿಯವರು 2017ರಲ್ಲಿ ಮೈಸೂರಿನಲ್ಲಿ ಹಾಡಿ ವೇದಿಕೆಗೆ ವಿದಾಯ ಹೇಳಿದರು. ಇನ್ನು ಈ ಹಾಡು ಹೊಸದಾಗಿ ಕೇಳಿಸಬೇಕಾದರೆ ನಮ್ಮ ನಿಮ್ಮ ಮಕ್ಕಳ ಕೊರಳಿನಿಂದಲೇ ಕೇಳಿಸಬೇಕು.

ಹಾಗೆ ಕೇಳಿಸುವಾಗ ಒಂದು ಹೆಸರು ಮಾತ್ರ ಬಿಟ್ಟುಹೋಗುತ್ತಿದೆ. ವೇದಿಕೆಯ ನಿರೂಪಕರು ‘ಜಾನಕಮ್ಮನ ಹಾಡು’ ಎನ್ನುತ್ತಾರೆ, ಇಲ್ಲವೇ ಸಿನಿಮಾದ ಹೆಸರು ಹೇಳುತ್ತಾರೆ. ಮೊಬೈಲಿನಲ್ಲಿ ಹಾಡುವವರು ತಮ್ಮ ಹೆಸರು, ತಬಲದವರ ಹೆಸರು, ಕ್ಯಾಮೆರಾದವರ ಹೆಸರು ಹಾಕುತ್ತಾರೆ. ಬರೆದವರ ಜಾಗ ಖಾಲಿ. ಇದು ಜಾನಪದ ಗೀತೆ ಎಂದು ಘೋಷಿಸಿದ್ದನ್ನೂ ಕೇಳಿದ್ದೇನೆ. ಹಾಡು ಜನಪದದಷ್ಟು ಹತ್ತಿರವಾಯಿತೆಂಬುದು ಕವಿಗೆ ಸಂದ ಗೌರವವೇ ಇರಬಹುದು. ಆದರೂ ಜುಂಜಪ್ಪನ ಪದಕ್ಕೆ ಕರ್ತೃವಿಲ್ಲ, ಇದಕ್ಕೆ ಇದ್ದಾರೆ. ಅವರಿಗೊಂದು ಊರಿದೆ, ಆ ಊರು ನಮ್ಮ ಪಕ್ಕದಲ್ಲೇ ಇದೆ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ನೋಡಲು ಬಂದವರಿಗೆ ಬೆಟ್ಟದ ಎತ್ತರ ಹೇಳುತ್ತೇವೆ, ಕೋಟೆ ಕಟ್ಟಿದವರ ಕಥೆ ಹೇಳುತ್ತೇವೆ. ಈ ತಾಲ್ಲೂಕಿನ ಒಬ್ಬರು ಕನ್ನಡನಾಡಿಗೆಲ್ಲ ಒಂದು ಬೆಳಗು ಕೊಟ್ಟರೆಂದು ಹೇಳಲು ಮರೆಯುವುದೇಕೆ?

ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರುವುದು ಇದೇ ನಾಲ್ಕು ತಾಲ್ಲೂಕುಗಳು. ಇಲ್ಲಿನ ಶಾಲೆಗಳಲ್ಲಿ ವರ್ಷಕ್ಕೊಮ್ಮೆ ಪ್ರತಿಭಾ ಕಾರಂಜಿ ನಡೆಯುತ್ತದೆ, ಶಾಲಾ ವಾರ್ಷಿಕೋತ್ಸವ ನಡೆಯುತ್ತದೆ, ದಿನವೂ ಬೆಳಗಿನ ಪ್ರಾರ್ಥನೆ ನಡೆಯುತ್ತದೆ. ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಈ ಹಾಡನ್ನು ಮಕ್ಕಳಿಗೆ ಕಲಿಸಿ. ಧ್ವನಿಮುದ್ರಿಕೆ ಹಾಕಿ ತುಟಿ ಆಡಿಸಿ ಕುಣಿಸುವುದು ಸಾಲದು, ಸ್ವಂತ ದನಿಯಲ್ಲಿ ಹಾಡಿಸಿ. ತೆಲುಗಿನ ಮಗು ಹಾಡಲಿ, ಉರ್ದುವಿನ ಮಗು ಹಾಡಲಿ, ಲಂಬಾಣಿ ತಾಂಡಾದ ಮಗು ಹಾಡಲಿ, ಅವರ ನಾಲಿಗೆಯ ಸೊಗಡು ಹಾಡಿನಲ್ಲಿ ಉಳಿಯಲಿ. ಹಳ್ಳಿಮಾತನ್ನು ತಿದ್ದಬೇಡಿ. ಹಾಡುವ ಮೊದಲು ಮಗುವಿನ ಬಾಯಲ್ಲೇ ಹೇಳಿಸಿ: ಬರೆದವರು ಮಧುಗಿರಿ ತಾಲ್ಲೂಕು ಕುರುಬರಹಳ್ಳಿಯ ದೊಡ್ಡರಂಗೇಗೌಡರು, ರಾಗ ಹಾಕಿದವರು ರಾಜನ್–ನಾಗೇಂದ್ರ, ಮೊದಲು ಹಾಡಿದವರು ಎಸ್. ಜಾನಕಿ, ಈಗ ಹಾಡುತ್ತಿರುವುದು ನಾನು. ಆ ಕೊನೆಯ ಮಾತನ್ನು ಮಗು ಎದೆಯುಬ್ಬಿಸಿ ಹೇಳಲಿ. ಮೇಲಿನ ಮೂರು ಹೆಸರು ಹೇಳಿದ ಮೇಲೆ ಅದನ್ನು ಹೇಳುವ ಹಕ್ಕು ಅದಕ್ಕೆ ಪೂರ್ತಿಯಾಗಿ ಇದೆ.